ಸೆರೆಮನೆಯಲ್ಲಿ ಸೂಜಿ, ದಾರ, ಅಕ್ಷರ

ಶಾಲೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬೆಳಿಗ್ಗೆ ತೆರೆದು ಸಂಜೆ ಮುಚ್ಚುವ ಒಂದು ಬಾಗಿಲು. ಕೊನೆಯ ಗಂಟೆ ಬಾರಿಸುವುದೇ ತಡ, ಮಕ್ಕಳು ಪಾಟಿಚೀಲ ಹೆಗಲಿಗೇರಿಸಿಕೊಂಡು ಮನೆಯ ಕಡೆ ಓಡುತ್ತಾರೆ. ಎಷ್ಟೇ ಪ್ರೀತಿಯಿಂದ ಪಾಠ ಹೇಳಿದರೂ ಆ ಗಂಟೆಯ ಸದ್ದಿನಷ್ಟು ಇಂಪಾಗಿ ಯಾವ ಶಿಕ್ಷಕಿಯ ದನಿಯೂ ಅವರಿಗೆ ಕೇಳಿಸುವುದಿಲ್ಲ. ಸಂಜೆಯ ಗಂಟೆಯೇ ಇಲ್ಲದ ಶಾಲೆಯೊಂದನ್ನು ಊಹಿಸಿಕೊಳ್ಳಿ. ಅಲ್ಲಿಯ ವಿದ್ಯಾರ್ಥಿಗಳು ಮನೆಗೆ ಹೋಗುವ ಹಾಗಿಲ್ಲ. ನಮ್ಮ ಮಕ್ಕಳಿಗೆ ಮೊದಲು ಪಾಠ, ಆಮೇಲೆ ಪರೀಕ್ಷೆ, ಕೊನೆಗೆ ಫಲಿತಾಂಶ. ಅವರಿಗೆ ಫಲಿತಾಂಶ ಮೊದಲೇ ಬಂದುಬಿಟ್ಟಿದೆ. ಅದನ್ನು ನ್ಯಾಯಾಧೀಶರು ಓದಿ ಹೇಳಿದ್ದಾರೆ, ಊರವರೆಲ್ಲ ಕೇಳಿಸಿಕೊಂಡಿದ್ದಾರೆ. ನಪಾಸು ಎಂದು ಎಲ್ಲರೂ ಒಪ್ಪಿಕೊಂಡ ಮೇಲೆ ಅಂಥವರಿಗೆ ಪಾಠ ಹೇಳುವುದು ಏತಕ್ಕೆ?

ಈ ಪ್ರಶ್ನೆಗೆ ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಇಬ್ಬರು ಹೆಣ್ಣುಮಕ್ಕಳು ಉತ್ತರ ಕೊಟ್ಟರು. ಇಬ್ಬರೂ ನಾರ್ಫೋಕ್ ಎಂಬ ಒಂದೇ ಸೀಮೆಯವರು. ಒಬ್ಬಳು ವ್ಯಾಪಾರಿಯೂ ಬ್ಯಾಂಕಿನ ಒಡೆಯನೂ ಆಗಿದ್ದವನ ಹೆಂಡತಿ, ಹನ್ನೊಂದು ಮಕ್ಕಳ ತಾಯಿ. ಇನ್ನೊಬ್ಬಳು ಮದುವೆಯಾಗದ, ದಿನಗೂಲಿಗೆ ಬಟ್ಟೆ ಹೊಲಿಯುತ್ತಿದ್ದ ಅನಾಥೆ. ಮೊದಲನೆಯವಳಾದ ಎಲಿಜಬೆತ್ ಫ್ರೈಯ ಹೆಸರನ್ನು ನೀವು ಕೇಳಿರಬಹುದು. ಎರಡನೆಯವಳಾದ ಸಾರಾ ಮಾರ್ಟಿನ್ ನಮ್ಮಲ್ಲಿ ಅಷ್ಟಾಗಿ ಪರಿಚಿತಳಲ್ಲ. ನನ್ನ ಶಿಕ್ಷಕಿಯ ಮನಸ್ಸು ಮಾತ್ರ ಈ ಎರಡನೆಯವಳ ಕಡೆಗೇ ಹೆಚ್ಚು ವಾಲುತ್ತದೆ. ಏಕೆಂದು ಮುಂದೆ ಹೇಳುತ್ತೇನೆ.

ಆ ಕಾಲದ ಸೆರೆಮನೆ ಎಂದರೆ ಏನೆಂಬುದನ್ನು ಮೊದಲು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕಾನೂನಿನಲ್ಲಿ ಮರಣದಂಡನೆಗೆ ಅರ್ಹವಾದ ಅಪರಾಧಗಳು ಇನ್ನೂರಕ್ಕೂ ಹೆಚ್ಚಾಗಿದ್ದವು. ಅಂಗಡಿಯಲ್ಲಿ ಬಟ್ಟೆ ಕದ್ದವಳಿಗೂ ನೇಣು, ಖೋಟಾ ನೋಟು ಚಲಾಯಿಸಿದವಳಿಗೂ ನೇಣು. ನೇಣಿನಿಂದ ಪಾರಾದವರನ್ನು ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಸಾಗಿಸುತ್ತಿದ್ದರು. ಸೆರೆಮನೆ ಎಂಬುದು ಈ ಎರಡರಲ್ಲಿ ಒಂದಕ್ಕಾಗಿ ಕಾಯುವ ದೊಡ್ಡಿ. ಅದು ಮನುಷ್ಯರನ್ನು ತಿದ್ದುವ ಸ್ಥಳ ಎಂಬ ಕಲ್ಪನೆ ಕೆಲವರ ಪುಸ್ತಕಗಳಲ್ಲಿ ಮಾತ್ರ ಇತ್ತು.

ಲಂಡನ್ನಿನ ನ್ಯೂಗೇಟ್ ಇಂಥ ದೊಡ್ಡಿಗಳಲ್ಲೆಲ್ಲ ಕುಖ್ಯಾತವಾದದ್ದು. 1813ರಲ್ಲಿ ಎಲಿಜಬೆತ್ ಫ್ರೈ ಮೊದಲ ಬಾರಿ ಅಲ್ಲಿಗೆ ಹೋದಾಗ ಆಕೆಗೆ ಮೂವತ್ತೆರಡು ವರ್ಷ. ಕ್ವೇಕರ್ ಎಂಬ ಸರಳ ಜೀವನದ ಕ್ರೈಸ್ತ ಪಂಥಕ್ಕೆ ಸೇರಿದವಳು. ಅದೇ ಪಂಥದ ಸ್ಟೀಫನ್ ಗ್ರೆಲೆಟ್ ಎಂಬ ಬೋಧಕ ಆ ಜೈಲನ್ನು ನೋಡಿಬಂದು, ಅಲ್ಲಿಯ ಎಳೆಗೂಸುಗಳಿಗೆ ಮೈಮೇಲೆ ಬಟ್ಟೆಯಿಲ್ಲವೆಂದು ಹೇಳಿದ್ದೇ ಆಕೆಗೆ ಪ್ರೇರಣೆ. ಗೆಳತಿಯರನ್ನು ಕೂಡಿಸಿ ಕೂಸುಗಳಿಗೆ ಅಂಗಿ ಹೊಲಿಸಿ ತೆಗೆದುಕೊಂಡು ಹೋದಳು. ಜೈಲಿನ ಅಧಿಕಾರಿಯೇ ಹೆಂಗಸರ ವಿಭಾಗದೊಳಗೆ ಹೋಗಲು ಹಿಂಜರಿಯುತ್ತಿದ್ದ. ಗಡಿಯಾರವನ್ನಾದರೂ ಹೊರಗೆ ಬಿಟ್ಟುಹೋಗಿ ಎಂದು ಹೇಳಿದ. ಆಕೆ ಬಿಡಲಿಲ್ಲ.

ಒಳಗೆ ಸುಮಾರು ಮುನ್ನೂರು ಹೆಂಗಸರು. ಜೊತೆಗೆ ಅವರ ಮಕ್ಕಳು. ಶಿಕ್ಷೆಯಾದವರು, ವಿಚಾರಣೆಗೆ ಕಾಯುತ್ತಿದ್ದವರು, ಎಳೆಯ ಹುಡುಗಿಯರು, ಪಳಗಿದ ಕಳ್ಳಿಯರು ಎಲ್ಲರೂ ಒಂದೇ ಕಡೆ. ಹಾಸಿಗೆ ಎಂಬುದಿಲ್ಲ. ಅಡಿಗೆ, ತೊಳೆಯುವುದು, ಮಲಗುವುದು ಎಲ್ಲವೂ ಅದೇ ನೆಲದ ಮೇಲೆ. ಕಾಸಿದ್ದವರಿಗೆ ಜೈಲಿನೊಳಗೇ ಸಾರಾಯಿ ಸಿಗುತ್ತಿತ್ತು. ಇಬ್ಬರು ಹೆಂಗಸರು ಸತ್ತ ಕೂಸಿನ ಮೈಮೇಲಿನ ಬಟ್ಟೆ ಬಿಚ್ಚಿ ಬದುಕಿದ್ದ ಕೂಸಿಗೆ ತೊಡಿಸುತ್ತಿದ್ದುದನ್ನು ಆಕೆ ಕಂಡಳು. ಕ್ರೌರ್ಯವೆಂದು ಯಾರಾದರೂ ಹೇಳಿಯಾರು. ನನಗೆ ಅದರಲ್ಲಿ ಕಾಣುವುದು ತಾಯ್ತನವೇ. ಚಳಿಗೆ ನಡುಗುವ ಕೂಸೊಂದು ತೊಡೆಯ ಮೇಲಿದ್ದರೆ ಯಾವ ತಾಯಿ ಏನು ತಾನೇ ಮಾಡಿಯಾಳು?

ಮನೆಯ ತಾಪತ್ರಯಗಳಿಂದ ಆಕೆಗೆ ಮತ್ತೆ ನ್ಯೂಗೇಟಿನ ಕಡೆ ನಿಯಮಿತವಾಗಿ ಹೋಗಲು ಮೂರು ವರ್ಷಗಳಿಗೂ ಹೆಚ್ಚು ಹಿಡಿಯಿತು. ನಡುವೆ ಬಾಣಂತನಗಳು, ಹಣದ ಮುಗ್ಗಟ್ಟು, 1815ರಲ್ಲಿ ಪುಟ್ಟ ಮಗಳೊಬ್ಬಳ ಸಾವು. 1816ರ ಕೊನೆಯಲ್ಲಿ ತಿರುಗಿ ಹೋದವಳು ಆ ಹೆಂಗಸರಿಗೆ ಉಪದೇಶ ಮಾಡಲಿಲ್ಲ. ನೀವೂ ತಾಯಂದಿರು, ನಾನೂ ತಾಯಿ, ಈ ಮಕ್ಕಳಿಗಾಗಿ ನಾವು ಕೂಡಿ ಏನಾದರೂ ಮಾಡಬಹುದೇ ಎಂದು ಕೇಳಿದಳು. ಮಕ್ಕಳಿಗೆ ಒಂದು ಶಾಲೆಯಾದರೆ ಚೆನ್ನ ಎಂದು ಮಾತಾಯಿತು. ಪಾಠ ಹೇಳುವವರು ಯಾರು? ನಿಮ್ಮೊಳಗೇ ಒಬ್ಬಳನ್ನು ಆರಿಸಿ ಎಂದಳು. ಗಡಿಯಾರ ಕದ್ದ ಆರೋಪದ ಮೇಲೆ ಒಳಗಿದ್ದ ಮೇರಿ ಕಾನರ್ ಎಂಬ ಓದುಬಲ್ಲ ತರುಣಿಯನ್ನು ಅವರು ಆರಿಸಿದರು. ನ್ಯೂಗೇಟಿನ ಮೊದಲ ಶಿಕ್ಷಕಿ ಒಬ್ಬ ಕೈದಿಯೇ. ಅಧಿಕಾರಿಗಳು ಇದೆಲ್ಲ ಆಗದ ಮಾತು, ಜಾಗವೂ ಇಲ್ಲ ಎಂದರು. ಒಂದು ಖಾಲಿ ಕೋಣೆ ಹೇಗೋ ಸಿಕ್ಕಿತು, 1817ರಲ್ಲಿ ಶಾಲೆ ಶುರುವಾಯಿತು. ಮೊದಲ ದಿನವೇ ದೊಡ್ಡ ಹೆಂಗಸರು ಬಾಗಿಲಿಗೆ ಮುತ್ತಿ, ನಮಗೂ ಕಲಿಸಿ ಎಂದು ಅಂಗಲಾಚಿದರಂತೆ. ಮೇರಿ ಕಾನರಳಿಗೆ ಸುಮಾರು ಹದಿನೈದು ತಿಂಗಳ ನಂತರ ಕ್ಷಮಾದಾನ ಸಿಕ್ಕಿತು. ಆದರೆ ಅಷ್ಟರಲ್ಲಿ ಕ್ಷಯ ಆಕೆಯನ್ನು ಹಿಡಿದಿತ್ತು. ಬಿಡುಗಡೆಯ ಸುಖ ಆಕೆಯ ಹಣೆಯಲ್ಲಿ ಬರೆದಿರಲಿಲ್ಲ.

ಆ ವರ್ಷದ ಏಪ್ರಿಲ್‌ನಲ್ಲಿ ಫ್ರೈ ಸಂಗಾತಿಗಳೊಡನೆ ಒಂದು ಸಂಘ ಕಟ್ಟಿದಳು. ಹೆಂಗಸರ ವಿಭಾಗಕ್ಕೆ ಒಬ್ಬ ಮೇಲ್ವಿಚಾರಕಿ, ದಿನವೂ ಹೊಲಿಗೆಯ ಕೆಲಸ, ಓದು. ನಡತೆಗೆ ಹನ್ನೆರಡು ನಿಯಮಗಳು: ಭಿಕ್ಷೆ ಕೂಡದು, ಬೈಗುಳ ಕೂಡದು, ಜೂಜು ಕೂಡದು, ಹೀಗೆ. ನಿಯಮಗಳು ಎಲ್ಲ ಜೈಲಿನಲ್ಲೂ ಇರುತ್ತವೆ, ಅದರಲ್ಲಿ ಹೊಸದೇನಿಲ್ಲ. ಹೊಸದು ಇದು: ಒಂದೊಂದು ನಿಯಮವನ್ನೂ ಓದಿ, ಒಪ್ಪಿಗೆಯೇ ಎಂದು ಕೈದಿಗಳನ್ನು ಕೇಳಿದರು. ಅವರು ಕೈಯೆತ್ತಿ ಒಪ್ಪಿದರು. ಇಂಗ್ಲೆಂಡಿನ ಸಿರಿವಂತ ಹೆಂಗಸರಿಗೂ ಪಾರ್ಲಿಮೆಂಟಿಗೆ ಓಟು ಹಾಕುವ ಹಕ್ಕು ಬರಲು ಇನ್ನೂ ನೂರು ವರ್ಷ ಹಿಡಿಯಲಿತ್ತು. ಅಂಥ ಕಾಲದಲ್ಲಿ ಕಳ್ಳಿಯರೆಂದು ಕರೆಸಿಕೊಂಡವರನ್ನು ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರಲ್ಲ, ನನ್ನ ಮಟ್ಟಿಗೆ ಅದೇ ಮೊದಲ ಪಾಠ. ಅಕ್ಷರಾಭ್ಯಾಸ ಅದರ ನಂತರದ್ದು.

ಹೊಲಿಗೆಯ ಪಾಠಕ್ಕೆ ಬೇಕಾದದ್ದು ಬಟ್ಟೆಯ ತುಂಡುಗಳು. ನಮ್ಮ ಕಡೆ ಅಜ್ಜಿಯರು ಹಳೆಯ ಸೀರೆ, ಕುಪ್ಪಸದ ಚೂರುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಕೆಲಸ. ಆಸ್ಟ್ರೇಲಿಯಕ್ಕೆ ಗಡೀಪಾರಾಗುವ ಹೆಂಗಸರಿಗೆ ಫ್ರೈಯ ಸಂಘದವರು ಒಂದೊಂದು ಚೀಲ ಕೊಡುತ್ತಿದ್ದರು. ಅದರಲ್ಲಿ ಸೂಜಿ, ದಾರ, ಕತ್ತರಿ, ಬಟ್ಟೆಯ ತುಂಡುಗಳು. ತಿಂಗಳುಗಟ್ಟಲೆ ಸಮುದ್ರದ ಮೇಲೆ ಕೈ ಕಟ್ಟಿ ಕೂತರೆ ಮನಸ್ಸು ಹುಚ್ಚಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. 1841ರಲ್ಲಿ ರಾಜಾ ಎಂಬ ಹಡಗಿನಲ್ಲಿ ಹೋದ 180 ಹೆಂಗಸರ ಪೈಕಿ ಕೆಲವರು ಹೊಲಿದ ದೊಡ್ಡ ಕೌದಿಯೊಂದು ಇಂದಿಗೂ ಉಳಿದಿದೆ. ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ತುಂಡುಗಳನ್ನು ಕೂಡಿಸಿದ ಆ ಕೌದಿ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದೆ. ಹೊಲಿದವರ ಹೆಸರು ಅದರ ಮೇಲಿಲ್ಲ. ಹೊಲಿಯಲು ಬಟ್ಟೆ ಕೊಟ್ಟವರಿಗೆ ಕೃತಜ್ಞತೆಯ ಮಾತು ಮಾತ್ರ ದಾರದಲ್ಲಿ ಬರೆದಿದೆ.

ಈಗ ಸಾರಾ ಮಾರ್ಟಿನ್ ಕಡೆ ಬರೋಣ. 1791ರಲ್ಲಿ ಗ್ರೇಟ್ ಯಾರ್ಮತ್ ಎಂಬ ಕಡಲತೀರದ ಪಟ್ಟಣದ ಬಳಿಯ ಹಳ್ಳಿಯಲ್ಲಿ ಹುಟ್ಟಿದವಳು. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡರು, ಅಜ್ಜಿ ಸಾಕಿದಳು. ಹದಿನಾಲ್ಕನೆಯ ವಯಸ್ಸಿಗೆ ಹೊಲಿಗೆ ಕಲಿಯಲು ಸೇರಿ, ಮುಂದೆ ಉಳ್ಳವರ ಮನೆಮನೆಗೆ ಹೋಗಿ ದಿನಗೂಲಿಗೆ ಉಡುಪು ಹೊಲಿದುಕೊಡುವುದನ್ನೇ ಜೀವನೋಪಾಯ ಮಾಡಿಕೊಂಡಳು. ಹಳ್ಳಿಯಿಂದ ಪಟ್ಟಣಕ್ಕೆ ಮೂರು ಮೈಲಿ. ದಿನವೂ ನಡೆದು ಬಂದು ನಡೆದು ಹೋಗಬೇಕು. ಪಟ್ಟಣದಲ್ಲಿ ಓಡಾಡುವಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದದ್ದು ಟೋಲ್‌ಹೌಸ್ ಎಂಬ ಹಳೆಯ ಕಟ್ಟಡದ ಜೈಲು. ಒಳಗಿರುವವರಿಗೆ ಏನಾದರೂ ಓದಿ ಹೇಳಬೇಕು ಎಂಬ ಆಸೆ ಆಕೆಗೆ ಬಹಳ ವರ್ಷಗಳಿಂದ ಇತ್ತು. ಬಡ ಹೊಲಿಗೆಯವಳನ್ನು ಯಾರು ಒಳಗೆ ಬಿಡುತ್ತಾರೆ?

1819ರಲ್ಲಿ ಒಬ್ಬ ತಾಯಿ ತನ್ನ ಕೂಸನ್ನು ನಿರ್ದಯವಾಗಿ ಹೊಡೆದದ್ದಕ್ಕೆ ಜೈಲು ಸೇರಿದಳೆಂಬ ಸುದ್ದಿ ಪಟ್ಟಣದಲ್ಲಿ ಹಬ್ಬಿತು. ಅಂಥ ಸುದ್ದಿ ಬಂದರೆ ನಮ್ಮ ಬೀದಿಗಳಲ್ಲಿ ಏನು ಮಾತಾಡಿಕೊಳ್ಳುತ್ತೇವೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಸಾರಾ ಮಾತಾಡುತ್ತ ಕೂರಲಿಲ್ಲ. ಯಾರನ್ನೂ ಕೇಳದೆ ನೇರ ಜೈಲಿನ ಬಾಗಿಲಿಗೆ ಹೋದಳು. ಮೊದಲ ಸಲ ತಿರಸ್ಕರಿಸಿ ಕಳಿಸಿದರು. ಎರಡನೆಯ ಸಲ ಬಿಟ್ಟರು. ತನ್ನನ್ನು ನೋಡಲು ಅಪರಿಚಿತಳೊಬ್ಬಳು ಬಂದದ್ದು ಕಂಡು ಆ ತಾಯಿಗೆ ಅಚ್ಚರಿ. ಏಕೆ ಬಂದೆನೆಂದು ಸಾರಾ ಹೇಳಿದಾಗ ಅವಳು ಗಳಗಳನೆ ಅತ್ತಳು, ಕೈಮುಗಿದಂತೆ ಕೃತಜ್ಞತೆ ಹೇಳಿದಳು. ಊರೆಲ್ಲ ಅವಳನ್ನು ಶಪಿಸಿತ್ತು. ಬಾಗಿಲು ದಾಟಿ ಒಳಗೆ ಬಂದವಳು ಒಬ್ಬಳೇ.

ಅಲ್ಲಿಂದ ಇಪ್ಪತ್ತನಾಲ್ಕು ವರ್ಷ ಆಕೆ ಆ ಜೈಲಿಗೆ ಹೋಗುವುದನ್ನು ಬಿಡಲಿಲ್ಲ. ಮೊದಮೊದಲು ಹೊಲಿಗೆ ಮುಗಿದ ಮೇಲೆ ಸಂಜೆ ಸ್ವಲ್ಪ ಹೊತ್ತು ಹೋಗಿ ಬೈಬಲ್ ಓದಿ ಹೇಳುತ್ತಿದ್ದಳು. ಕೇಳುವವರಿಗೆ ಓದಲು ಬಾರದು, ತಾನು ಇಲ್ಲದಾಗ ಅವರ ಗತಿಯೇನು ಎನಿಸಿತು. ವಾರದ ಆರು ದಿನದ ದುಡಿಮೆಯಲ್ಲಿ ಒಂದು ದಿನದ ಕೂಲಿ ಬಿಟ್ಟುಕೊಟ್ಟು ಅವರಿಗೆ ಓದುಬರಹ ಕಲಿಸತೊಡಗಿದಳು. ದಿನಗೂಲಿಯವರ ಮನೆಯಲ್ಲಿ ಒಂದು ದಿನದ ಕೂಲಿ ಎಂದರೇನೆಂದು ಲೆಕ್ಕ ಬಲ್ಲ ಗೃಹಿಣಿಯರಿಗೆ ನಾನು ವಿವರಿಸಬೇಕಾಗಿಲ್ಲ. ಇಲ್ಲೇ ನೋಡಿ ನಾನು ಸಾರಾಳ ಕಡೆ ವಾಲುವುದು. ಎಲಿಜಬೆತ್ ಫ್ರೈ ದೊಡ್ಡವಳು, ಸಂಶಯವಿಲ್ಲ. ಆದರೆ ಆಕೆಗೆ ಬಂಡಿಯಿತ್ತು, ಆಳುಗಳಿದ್ದರು, ಮಂತ್ರಿಗಳ ಪರಿಚಯವಿತ್ತು. ಸಾರಾಳಿಗೆ ಇದ್ದದ್ದು ಎರಡು ಕೈ ಮತ್ತು ಸೋಮವಾರದಿಂದ ಶನಿವಾರದವರೆಗಿನ ಆರು ದಿನ.

ಆಕೆ ಪಾಠ ಹೇಳುತ್ತಿದ್ದ ಕ್ರಮವೂ ಗಮನಿಸುವಂಥದು. ವಚನಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಅಲ್ಲಿಯ ರೂಢಿ. ದೊಡ್ಡ ಗಂಡಸರು ಇದೆಲ್ಲ ನಮಗೇಕೆ ಎಂದು ತಕರಾರು ತೆಗೆದರೆ, ಆಕೆ ತಾನೂ ಕಲಿತು ಅವರಂತೆಯೇ ಒಪ್ಪಿಸುತ್ತಿದ್ದಳು. ನನಗೆ ಉಪಯೋಗವಾಗಿದೆ, ನೀವು ಇನ್ನೂ ಮಾಡಿ ನೋಡಿಲ್ಲ, ಅಷ್ಟೇ ವ್ಯತ್ಯಾಸ ಎಂಬುದು ಆಕೆಯ ವಾದ. ತಾನು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದು ಎಂದು ಬಿ.ಎಡ್. ತರಗತಿಯಲ್ಲಿ ನಮಗೆ ಪುಟಗಟ್ಟಲೆ ಬರೆಸಿದ್ದರು. ಯಾವ ತರಬೇತಿಯೂ ಇಲ್ಲದ ಹೊಲಿಗೆಯ ಹೆಂಗಸು ಅದನ್ನು ಕಳ್ಳರ ನಡುವೆ ಕುಳಿತು ಕಂಡುಕೊಂಡಿದ್ದಳು.

ಬರಿಯ ಅಕ್ಷರ ಸಾಲದು, ಕೈಗೆ ಕೆಲಸ ಬೇಕು ಎಂಬುದೂ ಆಕೆಗೆ ಬೇಗ ಹೊಳೆಯಿತು. 1823ರಲ್ಲಿ ಒಬ್ಬ ಗೃಹಸ್ಥ ಜೈಲಿನ ಧರ್ಮಕಾರ್ಯಕ್ಕೆಂದು ಹತ್ತು ಶಿಲ್ಲಿಂಗ್ ಕೊಟ್ಟ. ಅದೇ ವಾರ ಇನ್ನೊಬ್ಬ ಒಂದು ಪೌಂಡು ಕೊಟ್ಟ. ಕೂಡಿಸಿದರೆ ಒಂದೂವರೆ ಪೌಂಡು. ಬೇರೆಯವರಾಗಿದ್ದರೆ ಕೈದಿಗಳಿಗೆ ಒಂದು ಹಬ್ಬದೂಟ ಹಾಕಿಸಿ ಮುಗಿಸುತ್ತಿದ್ದರೇನೋ. ಸಾರಾ ಬಟ್ಟೆ ಕೊಂಡಳು, ಕೂಸುಗಳ ಅಂಗಿಯ ಅಳತೆಗಳನ್ನು ಎರವಲು ತಂದಳು, ಹೆಣ್ಣು ಕೈದಿಗಳಿಗೆ ಕತ್ತರಿಸಿ ಹೊಲಿಯುವುದನ್ನು ಕಲಿಸಿದಳು. ಹೊಲಿದದ್ದನ್ನು ಮಾರಿ ಮತ್ತೆ ಬಟ್ಟೆ. ಆ ಒಂದೂವರೆ ಪೌಂಡಿನ ಬಂಡವಾಳ ಏಳು ಗಿನಿಗೆ, ಅಂದರೆ ಏಳು ಪೌಂಡಿಗಿಂತ ಸ್ವಲ್ಪ ಹೆಚ್ಚಿಗೆ ಬೆಳೆಯಿತು. ವರ್ಷಗಳು ಕಳೆದಂತೆ ಒಟ್ಟು ನಾನೂರು ಪೌಂಡಿಗೂ ಮೀರಿದ ಸಾಮಾನು ಮಾರಾಟವಾಯಿತು. ಗಂಡಸರೂ ಸುಮ್ಮನೆ ಕೂರಲಿಲ್ಲ. ಹುಲ್ಲಿನ ಟೋಪಿ, ಮೂಳೆಯ ಚಮಚ, ಹಳೆಯ ಬಟ್ಟೆಯ ಕುಲಾವಿ ಮಾಡಲು ಕಲಿತರು. ಸೂಜಿ ಹಿಡಿದು ಅಂಗಿ ಹೊಲಿದ ಗಂಡಸರೂ ಇದ್ದರು. ಜೂಜಾಡಿ ಹೊಡೆದಾಡಿಕೊಳ್ಳುತ್ತಿದ್ದ ಕೈಗಳಿಗೆ ಈಗ ಬೇರೆ ಕೆಲಸ ಬಂದಿತ್ತು.

ಭಾನುವಾರದ ಪ್ರಾರ್ಥನೆಯೂ ಆಕೆಯದೇ ಹೊಣೆ. ಪಾದ್ರಿಯಿಲ್ಲದ ಆ ಜೈಲಿನಲ್ಲಿ ಮೊದಲು ಬೇರೆಯವರು ಬರೆದ ಪ್ರವಚನಗಳನ್ನು ಓದಿ, ಬರಬರುತ್ತ ತಾನೇ ಬರೆದದ್ದನ್ನು ಓದತೊಡಗಿದಳು. 1835ರಲ್ಲಿ ಸರಕಾರ ಮೊದಲ ಬಾರಿ ಜೈಲು ತನಿಖಾಧಿಕಾರಿಗಳನ್ನು ನೇಮಿಸಿತು. ಅವರಲ್ಲೊಬ್ಬರಾದ ಕ್ಯಾಪ್ಟನ್ ವಿಲಿಯಮ್ಸ್ ನವೆಂಬರಿನ ಒಂದು ಭಾನುವಾರ ಯಾರ್ಮತ್ತಿಗೆ ಬಂದು ಕೈದಿಗಳ ಜೊತೆ ಕುಳಿತು ಆಕೆಯ ಪ್ರಾರ್ಥನಾ ಸಭೆಯನ್ನು ನೋಡಿದರು. ಸರಕಾರಿ ವರದಿಯಲ್ಲಿ ಒಬ್ಬ ಹೊಲಿಗೆಯವಳ ಕೆಲಸದ ಬಗ್ಗೆ ಆದರದ ಮಾತು ಬರೆದರು. ತನಿಖೆಗೆ ಬಂದವರು ಮೆಚ್ಚಿ ಹೋಗುವುದು ಎಷ್ಟು ಅಪರೂಪವೆಂಬುದನ್ನು ಶಿಕ್ಷಕಿಯರೆಲ್ಲ ಬಲ್ಲರು.

ಅಷ್ಟು ಹೊತ್ತಿಗೆ ಆಕೆಯ ಹೊಲಿಗೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕರಗಿಹೋಗಿದ್ದರು. ದಿನವೂ ಜೈಲಿಗೆ ಹೋಗುವವಳಿಗೆ ಬಟ್ಟೆ ಕೊಟ್ಟರೆ ಯಾವಾಗ ಹೊಲಿದುಕೊಟ್ಟಾಳು? 1826ರಲ್ಲಿ ಅಜ್ಜಿ ತೀರಿಕೊಂಡಾಗ ವರ್ಷಕ್ಕೆ ಹತ್ತು ಹನ್ನೆರಡು ಪೌಂಡಿನಷ್ಟು ಉತ್ಪನ್ನ ಬಂದಿತ್ತು. ಅದರಲ್ಲೇ ಯಾರ್ಮತ್ತಿನ ಒಂದು ಸಂದಿಯಲ್ಲಿ ಎರಡು ಕೋಣೆ ಹಿಡಿದು ಜೀವನ ಸಾಗಿಸುತ್ತಿದ್ದಳು. 1841ರಲ್ಲಿ ನಗರಸಭೆಯವರು ವರ್ಷಕ್ಕೆ ಹನ್ನೆರಡು ಪೌಂಡು ಕೊಡಲು ಮುಂದೆ ಬಂದರು. ಆಕೆ ಬೇಡವೆಂದಳು. ಸಂಬಳಕ್ಕೆ ಬರುವವಳೆಂದು ಕೈದಿಗಳಿಗೆ ಅನಿಸಿದರೆ ತನ್ನ ಮಾತಿನ ಬೆಲೆ ಹೋದೀತೆಂಬ ಅಳುಕು. ಹಣ ತೆಗೆದುಕೊಳ್ಳುವುದಾದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಅವರು ಪಟ್ಟು ಹಿಡಿದರು. ಆಕೆ ಮಣಿಯಬೇಕಾಯಿತು. ಆ ಸಂಬಳವನ್ನು ಉಂಡದ್ದು ಎರಡೇ ವರ್ಷ. 1843ರ ಅಕ್ಟೋಬರ್ 15ರಂದು ತೀರಿಕೊಂಡಳು.

ಆಕೆ ಬಿಟ್ಟುಹೋದ ಆಸ್ತಿ ಎಂದರೆ ಕೆಲವು ಲೆಕ್ಕದ ಪುಸ್ತಕಗಳು. ದಿನದಿನದ ಪಾಠದ ಟಿಪ್ಪಣಿ, ಬಟ್ಟೆ ಕೊಂಡ ಮಾರಿದ ಲೆಕ್ಕ, ಇವುಗಳ ಜೊತೆಗೆ ಬಿಡುಗಡೆಯಾದವರದೇ ಒಂದು ಪುಸ್ತಕ. ಹೊರಗೆ ಹೋದವರು ಎಲ್ಲಿದ್ದಾರೆ, ಕೆಲಸ ಸಿಕ್ಕಿತೇ, ಹೇಗೆ ನಡೆದುಕೊಳ್ಳುತ್ತಿದ್ದಾರೆ ಎಂದು ವಿಚಾರಿಸಿ ಬರೆದಿಡುತ್ತಿದ್ದಳು. ಸುಧಾರಿಸಿದವರ ಹೆಸರೂ ಅದರಲ್ಲಿದೆ, ಮತ್ತೆ ಜಾರಿದವರ ಹೆಸರೂ ಇದೆ. ತನ್ನ ಕೆಲಸ ಚೆನ್ನಾಗಿ ಕಾಣಲೆಂದು ಆಕೆ ಯಾರನ್ನೂ ಬಿಟ್ಟಿಲ್ಲ. ನಾವು ಬೆಳಿಗ್ಗೆ ಹಾಜರಿ ಕರೆಯುವಾಗ ಬಾರದ ಮಗುವಿನ ಹೆಸರನ್ನೂ ಕರೆದೇ ಕರೆಯುತ್ತೇವೆ. ಕರೆಯದಿದ್ದರೆ ಆ ಮಗು ನಮ್ಮ ಶಾಲೆಯದಲ್ಲ ಎಂದಾಗುತ್ತದೆ. ಸಾರಾಳ ಆ ಪುಸ್ತಕ ನನಗೆ ಅಂಥದೊಂದು ಹಾಜರಿ ಪುಸ್ತಕದಂತೆ ಕಾಣುತ್ತದೆ.

ಜೈಲಿನ ನೆರಳು ಶಾಲೆಯ ಅಂಗಳಕ್ಕೂ ಬೀಳುವುದನ್ನು ನಾನು ಕಂಡಿದ್ದೇನೆ. ಒಂದು ವರ್ಷ ಜೂನ್ ತಿಂಗಳಲ್ಲಿ ಅಜ್ಜಿಯೊಬ್ಬಳು ಐದನೆಯ ತರಗತಿಗೆ ಮೊಮ್ಮಗಳನ್ನು ಸೇರಿಸಲು ಬಂದಳು. ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿಗೆ ಬಂದಾಗ ಸುಮ್ಮನಾದಳು. ಆಮೇಲೆ ದನಿ ತಗ್ಗಿಸಿ, “ಅಕಿ ಅವ್ವ ಊರಾಗ ಇಲ್ರಿ ಅಕ್ಕೋರ, ಅಷ್ಟ ಬರಕೊಳ್ರಿ” ಎಂದಳು. ಅಷ್ಟೇ ಬರೆದುಕೊಂಡೆ. ತಾಯಿ ಯಾವ ಊರಿನಲ್ಲಿದ್ದಾಳೆಂಬುದು ವಾರದೊಳಗೆ ಇಡೀ ಶಾಲೆಗೆ ಗೊತ್ತಾಯಿತು. ಆ ಹುಡುಗಿಯ ಪಕ್ಕ ಕೂರುವವರು ಕಡಿಮೆಯಾದರು. ಕನ್ನಡ ಪಾಠದಲ್ಲಿ ಪತ್ರಲೇಖನ ಬಂದಾಗ ಎಲ್ಲರೂ ಗೆಳತಿಗೆ ಪತ್ರ ಬರೆದರೆ ಅವಳು ಅವ್ವನಿಗೆ ಬರೆದಳು. ಮಾವಿನಕಾಯಿ ಉಪ್ಪಿನಕಾಯಿಗೆ ಅಜ್ಜಿ ಉಪ್ಪು ಹೆಚ್ಚು ಹಾಕಿದ್ದಾಳೆ ಎಂಬುದು ಅದರ ಮುಖ್ಯ ವಿಷಯ. ವಿಳಾಸದ ಜಾಗವನ್ನು ಖಾಲಿ ಬಿಟ್ಟಿದ್ದಳು. ಅಜ್ಜಿಯಿಂದ ವಿಳಾಸ ಕೇಳಿಕೊಂಡು ಅದನ್ನು ಅಂಚೆಗೆ ಹಾಕಿದ್ದಾಯಿತು. ಓದುಬಾರದ ತಾಯಿಗೆ ಅದನ್ನು ಒಳಗೆ ಯಾರೋ ಓದಿ ಹೇಳಿರಬೇಕು. ಉತ್ತರವೂ ಬೇರೆಯವರ ಕೈಬರಹದಲ್ಲಿ ಬಂತು. ಆ ಬೇರೆಯವರು ಯಾರೋ ನನಗೆ ತಿಳಿಯದು. ಅವರ ಅಕ್ಷರ ಮುದ್ದಾಗಿತ್ತು ಎಂಬುದು ಮಾತ್ರ ನೆನಪಿದೆ. ಸೆರೆಮನೆಯಲ್ಲಿ ಓದುಬಲ್ಲವರೊಬ್ಬರು ಇರುವುದರ ಬೆಲೆ ನನಗೆ ಯಾವ ಇತಿಹಾಸದ ಪುಸ್ತಕಕ್ಕಿಂತ ಚೆನ್ನಾಗಿ ಅಂದು ಅರ್ಥವಾಯಿತು.

ಫ್ರೈ, ಸಾರಾ ಇವರನ್ನು ಎಲ್ಲರೂ ಹೊಗಳಿದರೆಂದು ತಿಳಿಯಬೇಡಿ. ಕೈದಿಗಳಿಗೆ ಪಾಠ, ಕೆಲಸ, ಸಮಾಧಾನ ಎಂದೆಲ್ಲ ಕೊಟ್ಟರೆ ಜೈಲಿನ ಭಯವೇ ಹೋಗುತ್ತದೆ ಎಂದು ವಾದಿಸಿದವರಲ್ಲಿ ಸಿಡ್ನಿ ಸ್ಮಿತ್‌ನಂಥ ಪ್ರಸಿದ್ಧ ಲೇಖಕನೂ ಇದ್ದ. ಫ್ರೈಯ ಬಗ್ಗೆ ಆತನಿಗೆ ಗೌರವವಿತ್ತು, ಆದರೂ ಜೈಲು ಕಷ್ಟದ ಜಾಗವಾಗಿಯೇ ಇರಬೇಕೆಂಬುದು ಆತನ ಪಟ್ಟು. ಈ ಮಾತು ಇಂದಿಗೂ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ಅನ್ಯಾಯಕ್ಕೊಳಗಾದವರ ಮನೆಯಲ್ಲಿ ಕೂತು ನೋಡಿದರೆ ಅದನ್ನು ಸುಲಭವಾಗಿ ತಳ್ಳಿಹಾಕಲೂ ಆಗದು. ಆದರೆ ಸಾರಾ ಯಾರ ಶಿಕ್ಷೆಯನ್ನೂ ಕಡಿಮೆ ಮಾಡಲಿಲ್ಲ ಎಂಬುದನ್ನು ಮರೆಯಬಾರದು. ಕೂಸನ್ನು ಹೊಡೆದ ತಾಯಿ ತನ್ನ ಶಿಕ್ಷೆಯನ್ನು ಅನುಭವಿಸಲೇಬೇಕಿತ್ತು. ಶಿಕ್ಷೆ ಮುಗಿದ ದಿನ ಅವಳು ಹೋಗುವುದು ಅದೇ ಕೂಸಿನ ಬಳಿಗೆ. ಹೋಗುವಾಗ ಹೇಗಿರಬೇಕು ಎಂಬುದಷ್ಟೇ ಪ್ರಶ್ನೆ.

ಇಂಗ್ಲೆಂಡಿನ ಕಾನೂನು ಒಂದು ಹೆಜ್ಜೆ ಮುಂದೆ ಹೋಯಿತು, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. 1818ರಲ್ಲಿ ಫ್ರೈ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದಳು. 1823ರ ಜೈಲು ಕಾಯಿದೆ ಹೆಣ್ಣು ಕೈದಿಗಳನ್ನು ಬೇರೆ ಇಡಬೇಕು, ಅವರಿಗೆ ಹೆಂಗಸರೇ ಕಾವಲಿರಬೇಕು, ಓದುಬರಹ ಕಲಿಸಬೇಕು ಎಂದಿತು. ಆದರೆ 1842ರಲ್ಲಿ ತೆರೆದ ಪೆಂಟನ್‌ವಿಲ್ ಎಂಬ ಮಾದರಿ ಜೈಲಿನಲ್ಲಿ ಒಬ್ಬೊಬ್ಬ ಕೈದಿಗೂ ಒಂದೊಂದು ಕೋಣೆ ಕೊಟ್ಟು, ಯಾರ ಮುಖ ಯಾರೂ ನೋಡದಂತೆ, ಯಾರೊಡನೆ ಯಾರೂ ಮಾತಾಡದಂತೆ ಇಟ್ಟರು. ಹೊರಗೆ ಬಂದಾಗ ಮುಖ ಮುಚ್ಚುವ ಟೋಪಿ. ಅಲ್ಲಿಯೂ ಉಪಾಧ್ಯಾಯರಿದ್ದರು, ಪುಸ್ತಕಗಳಿದ್ದವು. ಮನುಷ್ಯರ ಒಡನಾಟ ಮಾತ್ರ ಇರಲಿಲ್ಲ. ಬುದ್ಧಿಭ್ರಮಣೆಯಾದವರು ಹೆಚ್ಚಾದರು. ಇಂಥ ಒಂಟಿ ಸೆರೆಯ ವಿರುದ್ಧ ಫ್ರೈ ಮೊದಲಿನಿಂದಲೂ ಎಚ್ಚರಿಸುತ್ತಲೇ ಬಂದಿದ್ದಳು. ಅಕ್ಷರವನ್ನು ಗೋಡೆಯೂ ಕಲಿಸಬಲ್ಲದು, ಸಮಾಧಾನವನ್ನು ಕಲಿಸಲಾರದು. ಅದಕ್ಕೆ ಹೇಳಿದ ದಿನ ತಪ್ಪದೆ ಬರುವ ಒಬ್ಬ ಮನುಷ್ಯಳು ಬೇಕು.

ಈ ಸುಧಾರಣೆಯ ಗಾಳಿ ನಮ್ಮ ದೇಶಕ್ಕೂ ಬೀಸಿತು. ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಬಡಮಕ್ಕಳಿಗೂ ತಪ್ಪುದಾರಿ ಹಿಡಿದ ಹುಡುಗಿಯರಿಗೂ ಶಾಲೆ ನಡೆಸಿದ್ದ ಮೇರಿ ಕಾರ್ಪೆಂಟರ್ ಎಂಬಾಕೆ 1866ರಲ್ಲಿ ಅರವತ್ತರ ಹತ್ತಿರದ ವಯಸ್ಸಿನಲ್ಲಿ ಭಾರತಕ್ಕೆ ಬಂದಳು. ಇಲ್ಲಿಯ ಜೈಲುಗಳನ್ನೂ ಹೆಣ್ಣುಮಕ್ಕಳ ಶಾಲೆಗಳನ್ನೂ ಸುತ್ತಿ ನೋಡಿದಳು. ಜೈಲುಗಳ ಸುಧಾರಣೆಗಾಗಿ ಸರಕಾರಕ್ಕೆ ಬರೆದಳು. ಹೆಣ್ಣುಮಕ್ಕಳ ಶಾಲೆಗಳಿಗೆ ಹೆಂಗಸರೇ ಶಿಕ್ಷಕಿಯರಾಗಬೇಕು, ಅದಕ್ಕೆ ತರಬೇತಿ ಶಾಲೆಗಳಾಗಬೇಕು ಎಂದು ಒತ್ತಾಯಿಸಿದಳು. ನಾನೂ ನನ್ನಂಥವರೂ ತರಬೇತಿ ಪಡೆದು ತರಗತಿಯ ಮುಂದೆ ನಿಂತ ಕಥೆಯ ಹಿಂದೆ ಜೈಲುಗಳನ್ನು ಸುತ್ತಿದ ಹೆಂಗಸಿನ ಹೆಜ್ಜೆಯೂ ಒಂದು ಇದೆ.

ಇಂದು ನಮ್ಮಲ್ಲಿ ಬಹಳ ಮಾರ್ಪಾಡಾಗಿದೆ. 1993ರಿಂದ 1995ರವರೆಗೆ ಕಿರಣ್ ಬೇಡಿ ಅವರು ದಿಲ್ಲಿಯ ತಿಹಾರ್ ಜೈಲಿನ ಮುಖ್ಯಾಧಿಕಾರಿಯಾಗಿದ್ದಾಗ ಅಲ್ಲಿ ಓದು, ಯೋಗ, ಧ್ಯಾನಗಳಿಗೆ ಜಾಗ ಸಿಕ್ಕಿತು. ಓದುಬಲ್ಲ ಕೈದಿ ಓದುಬಾರದ ಕೈದಿಗೆ ಕಲಿಸುವ ಕ್ರಮ ತಿಹಾರಿನಲ್ಲಿ ಬೇರೂರಿತು. ಅದು ಮೇರಿ ಕಾನರಳ ಶಾಲೆಯೇ ತಾನೆ? ನಮ್ಮ ಕರ್ನಾಟಕದಲ್ಲಿ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಗೆ ನಾಟಕ ಕಲಿಸಿ ಅವರನ್ನು ಜೈಲಿನ ಹೊರಗಿನ ರಂಗಮಂದಿರಗಳಿಗೂ ಕರೆತಂದರು. ಮೊನ್ನೆಮೊನ್ನೆಯವರೆಗೆ ಹೆಸರು ಕೇಳಿದರೆ ಬೆಚ್ಚುತ್ತಿದ್ದವರ ಮಾತಿಗೆ ಜನ ಚಪ್ಪಾಳೆ ತಟ್ಟಿದರು. ತಾಯಿಯ ಜೊತೆ ಜೈಲಿನಲ್ಲಿರುವ ಮಕ್ಕಳು ಆರು ವರ್ಷದವರೆಗೆ ಅಲ್ಲಿರಬಹುದು, ಅವರಿಗೆ ಶಿಶುವಿಹಾರ, ಊಟ, ಔಷಧಿ, ಆಟ ಎಲ್ಲವೂ ಸಿಗಬೇಕು, ಅವರನ್ನು ಕೈದಿಗಳಂತೆ ಕಾಣಕೂಡದು ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು.

ಆದರೂ ಒಂದು ಲೆಕ್ಕ ಮನಸ್ಸನ್ನು ಕೊರೆಯುತ್ತದೆ. 2022ರ ಕೊನೆಯ ಅಂಕಿಅಂಶದಂತೆ ನಮ್ಮ ದೇಶದ ಜೈಲುಗಳಲ್ಲಿದ್ದವರಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರು. ಅಂದರೆ ಫಲಿತಾಂಶ ಇನ್ನೂ ಬಂದೇ ಇಲ್ಲದವರು. ಹೆಂಗಸರು ನೂರಕ್ಕೆ ನಾಲ್ವರು ಮಾತ್ರ. ಗಂಡಸು ಜೈಲಿಗೆ ಹೋದರೆ ಹೆಂಡತಿಯೋ ತಾಯಿಯೋ ಬುತ್ತಿ ಕಟ್ಟಿಕೊಂಡು ಭೇಟಿಗೆ ಹೋಗುತ್ತಾರೆ. ಹೆಂಗಸು ಹೋದರೆ ಭೇಟಿಗೆ ಬರುವವರು ಕಡಿಮೆ. ಬಿಡುಗಡೆಯಾದ ಮೇಲೆ ಮನೆಗೆ ಕರೆದುಕೊಳ್ಳುವವರು ಇನ್ನೂ ಕಡಿಮೆ. ಕೋರ್ಟು ತಪ್ಪಿಲ್ಲ ಎಂದು ಬಿಟ್ಟುಕೊಟ್ಟರೂ ಓಣಿ ಬಿಟ್ಟುಕೊಡುವುದಿಲ್ಲ.

ಜೈಲಿನೊಳಗೆ ಹೋಗಿ ಪಾಠ ಹೇಳುವ ಅವಕಾಶ ನಮ್ಮಲ್ಲಿ ಎಲ್ಲರಿಗೂ ಸಿಗಲಾರದು. ಆದರೆ ಸಾರಾಳ ಕೆಲಸದ ಕೊನೆಯ ಭಾಗ, ಆ ಬಿಡುಗಡೆಯ ಪುಸ್ತಕದ ಕೆಲಸ, ಗೋಡೆಯ ಹೊರಗಿನದು. ಅದು ನಮ್ಮ ಬೀದಿಯದು. ಹೊಲಿಗೆ ಕಲಿತು ಹೊರಬಂದವಳೊಬ್ಬಳು ಮುಂದಿನ ಓಣಿಯಲ್ಲಿ ಮನೆ ಹಿಡಿದಾಳು, ಕುಪ್ಪಸ ಹೊಲಿಸುವುದಿದ್ದರೆ ಕೊಡಿ ಎಂದು ಬಾಗಿಲಿಗೆ ಬಂದಾಳು. ಅವಳು ಎಲ್ಲಿಂದ ಬಂದಳೆಂಬುದು ನಮಗಿಂತ ಮೊದಲು ನೆರೆಮನೆಯವರಿಗೆ ತಿಳಿದಿರುತ್ತದೆ, ಅವರು ಹೇಳಿಯೂ ಹೇಳುತ್ತಾರೆ. ಆಗ ಅವಳಿಗೆ ಅಳತೆಯ ಕುಪ್ಪಸ ಕೊಟ್ಟು, ಯಾವಾಗ ಕೊಡುತ್ತೀಯಮ್ಮಾ ಎಂದು ಕೇಳುವುದು ನಮ್ಮ ಕೈಯಲ್ಲೇ ಇದೆ.